4,200 ಮೀಟರ್ ಶಿಖರ, ಒಂದೇ ದಿನದಲ್ಲಿ ಹತ್ತಿ ಇಳಿಯಬೇಕು. ತಯಾರಿ ಹೇಗೆ?

ಹೊಸ_ಹಾದಿ

ಎಲ್ಲರಿಗೂ ನಮಸ್ಕಾರ. ನಾವು ಮೂವರು ಸ್ನೇಹಿತರು ಸುಮಾರು 4,200 ಮೀಟರ್ ಎತ್ತರದ ಒಂದು ಶಿಖರವನ್ನು ಒಂದೇ ದಿನದಲ್ಲಿ ಹತ್ತಿ ಇಳಿಯಬೇಕು ಅಂದುಕೊಂಡಿದ್ದೇವೆ. ಗಾಡಿ ಹೋಗುವ ಕೊನೆಯ ಜಾಗ 2,700 ಮೀಟರ್‌ನಲ್ಲಿದೆ. ಅಲ್ಲಿಂದ ತುದಿಗೆ 9 ಕಿಲೋಮೀಟರ್, ಬಂದ ದಾರಿಯಲ್ಲೇ ವಾಪಸ್. ಒಟ್ಟು 18 ಕಿಲೋಮೀಟರ್ ನಡಿಗೆ, 1,500 ಮೀಟರ್ ಏರು. ಹಗ್ಗ ಹಿಡಿದು ಹತ್ತುವ ಜಾಗ ಎಲ್ಲೂ ಇಲ್ಲ. ಕೊನೆಯ ಒಂದು ಗಂಟೆಯ ದಾರಿ ಮಾತ್ರ ಸಡಿಲ ಕಲ್ಲುಗಳ ಇಳಿಜಾರು ಅಂತ ಹೋಗಿಬಂದವರು ಹೇಳುತ್ತಾರೆ.

ನಾವು ಮೂವರೂ ಇರುವುದು ಸಮುದ್ರಮಟ್ಟಕ್ಕೆ ಹತ್ತಿರದ ಊರಲ್ಲಿ. ಸಣ್ಣಪುಟ್ಟ ಬೆಟ್ಟ ಹತ್ತಿ ಅಭ್ಯಾಸವಿದೆ, ವಾರಕ್ಕೆ ಮೂರ್ನಾಲ್ಕು ದಿನ ಓಡುತ್ತೇವೆ, ಉಸಿರಿಗೇನೂ ತೊಂದರೆ ಇಲ್ಲ. ಆದರೆ 3,000 ಮೀಟರ್ ದಾಟಿ ಯಾರೂ ಹೋಗಿಲ್ಲ. ಇನ್ನು ಎರಡು ತಿಂಗಳು ಸಮಯವಿದೆ.

ಕೇಳಬೇಕಾಗಿರುವುದು ಇಷ್ಟು. ಈ ಎರಡು ತಿಂಗಳಲ್ಲಿ ಯಾವ ರೀತಿಯ ವ್ಯಾಯಾಮ ಮಾಡಬೇಕು? ರಜೆ ಕಡಿಮೆ ಇರುವುದರಿಂದ, ರಾತ್ರಿಯೆಲ್ಲಾ ಗಾಡಿ ಓಡಿಸಿಕೊಂಡು ಹೋಗಿ ಬೆಳಗ್ಗೆ ನೇರ ಹತ್ತೋಣ ಅಂತ ಒಬ್ಬ ಹೇಳುತ್ತಿದ್ದಾನೆ. ಹಾಗೆ ಮಾಡಬಹುದಾ? ಬ್ಯಾಗಲ್ಲಿ ಏನಿರಬೇಕು? ಎಷ್ಟು ಗಂಟೆಗೆ ಹೊರಡಬೇಕು? ಅನುಭವ ಇರುವವರು ದಯವಿಟ್ಟು ಬಿಡಿಸಿ ಹೇಳಿ.

ಕಲ್ಲುದಾರಿ

ಮೊದಲು ಆ ರಾತ್ರಿ ಪ್ರಯಾಣದ ಮಾತಿಗೆ ಉತ್ತರ ಕೊಡುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಗಳಲ್ಲಿ ಅತಿ ಮುಖ್ಯವಾದದ್ದು ಅದೇ. ದಯವಿಟ್ಟು ಹಾಗೆ ಮಾಡಬೇಡಿ.

ಮೇಲೆ ಹೋದಂತೆ ಆಮ್ಲಜನಕ ಕಡಿಮೆಯಾಗುತ್ತದೆ ಅನ್ನುತ್ತಾರೆ, ಆದರೆ ಗಾಳಿಯಲ್ಲಿ ಅದರ ಪಾಲು ಎಲ್ಲಾ ಕಡೆ ಶೇ. 21ರಷ್ಟೇ ಇರುತ್ತದೆ. ಕಡಿಮೆಯಾಗುವುದು ಗಾಳಿಯ ಒತ್ತಡ. 4,200 ಮೀಟರ್‌ನಲ್ಲಿ ಒತ್ತಡ ಸಮುದ್ರಮಟ್ಟದ ಶೇ. 60ರ ಆಸುಪಾಸು. ಅಂದರೆ ಒಂದೊಂದು ಉಸಿರಿಗೂ ನಿಮಗೆ ಸಿಗುವ ಆಮ್ಲಜನಕ ಇಲ್ಲಿ ಸಿಗುವುದರಲ್ಲಿ ಐದನೇ ಮೂರು ಭಾಗ ಮಾತ್ರ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಗಂಟೆಗಳಲ್ಲಿ ಅಲ್ಲ, ದಿನಗಳಲ್ಲಿ. ಉಸಿರಾಟ ಜೋರಾಗುತ್ತದೆ, ಮೂತ್ರಪಿಂಡಗಳು ರಕ್ತದ ಕ್ಷಾರದ ಅಂಶವನ್ನು ಹೊರಹಾಕಿ ಸರಿದೂಗಿಸುತ್ತವೆ. ಕೆಂಪು ರಕ್ತಕಣ ಹೆಚ್ಚುವುದಕ್ಕಂತೂ ವಾರಗಳೇ ಬೇಕು.

ಓಡುವ ಅಭ್ಯಾಸ ಇದೆ ಅಂತ ಬರೆದಿದ್ದೀರಿ. ಒಳ್ಳೆಯದೇ. ಆದರೆ ಫಿಟ್ ಆಗಿರುವವರಿಗೆ ಎತ್ತರದ ಕಾಯಿಲೆ (ಹೀಗೆ ಆಮ್ಲಜನಕ ಸಾಲದೆ ಬರುವ ತಲೆನೋವು, ವಾಂತಿ, ಸುಸ್ತು) ಬರುವುದಿಲ್ಲ ಅನ್ನುವುದು ತಪ್ಪು ನಂಬಿಕೆ. ಗಟ್ಟಿ ಕಾಲಿರುವವರು ಬೇಗ ಬೇಗ ಮೇಲೆ ಹೋಗಿಬಿಡುತ್ತಾರೆ, ಅದರಿಂದ ಅವರಿಗೆ ಅಪಾಯ ಕೆಲವು ಸಲ ಜಾಸ್ತಿಯೇ.

ಜಪಾನಿನ ಫ್ಯೂಜಿ 3,776 ಮೀಟರ್, ನಿಮ್ಮ ಶಿಖರಕ್ಕಿಂತ ತಗ್ಗು. ಅಲ್ಲಿ ಜನ ಸಂಜೆ ಬಂದು, ರಾತ್ರಿಯಿಡೀ ಮಲಗದೆ ಹತ್ತಿ, ಸೂರ್ಯೋದಯ ನೋಡಿ ಇಳಿಯುತ್ತಿದ್ದರು. ಇದಕ್ಕೆ ಬುಲೆಟ್ ಕ್ಲೈಂಬಿಂಗ್ ಅಂತಲೇ ಹೆಸರು. ಸುಸ್ತು, ಚಳಿ, ತಲೆನೋವಿನಿಂದ ಬೀಳುವವರು ಜಾಸ್ತಿಯಾಗಿ, ಕೊನೆಗೆ 2024ರಲ್ಲಿ ಯೋಶಿದಾ ದಾರಿಗೆ ಗೇಟು ಹಾಕಿದರು. ಮೇಲೆ ತಂಗುವುದಕ್ಕೆ ಜಾಗ ಕಾಯ್ದಿರಿಸದವರನ್ನು ಸಂಜೆಯ ನಂತರ ಬಿಡುವುದೇ ಇಲ್ಲ. ನಿಮ್ಮ ಸ್ನೇಹಿತರು ಹೇಳುತ್ತಿರುವುದೂ ಇದನ್ನೇ ಅಲ್ವಾ, ಅದೂ ಇನ್ನೂ ಎತ್ತರಕ್ಕೆ.

ಹಾಗಾದರೆ ಏನು ಮಾಡಬೇಕು? ಹೇಗಾದರೂ ಮಾಡಿ ಎರಡು ರಾತ್ರಿ 2,500ರಿಂದ 2,800 ಮೀಟರ್ ನಡುವೆ ಮಲಗಿ. ಮೊದಲ ದಿನ ವಿಶ್ರಾಂತಿ, ಎರಡನೇ ದಿನ ದಾರಿಯ ಆರಂಭದಲ್ಲೇ ಮುನ್ನೂರು ಮುನ್ನೂರೈವತ್ತು ಮೀಟರ್ ಮೇಲೆ ಹೋಗಿ ಬನ್ನಿ, ಮೂರನೇ ದಿನ ಬೆಳಗಿನ ಜಾವ ಶಿಖರಕ್ಕೆ. ಎರಡು ರಾತ್ರಿ ಆಗಲ್ಲ ಅಂದರೆ ಒಂದು ರಾತ್ರಿಯಾದರೂ ಸರಿ. ಅದೂ ಆಗುವುದಿಲ್ಲ ಅಂದರೆ ನನ್ನ ಪ್ರಾಮಾಣಿಕ ಸಲಹೆ, ಈ ಸಲ 3,000 ಮೀಟರ್ ಆಸುಪಾಸಿನ ಬೇರೆ ಶಿಖರ ಆರಿಸಿಕೊಳ್ಳಿ. ನಿದ್ದೆಗೆಟ್ಟು ಗಾಡಿ ಓಡಿಸಿದವರೇ ವಾಪಸ್ ಬರುವಾಗಲೂ ಓಡಿಸಬೇಕು ಅನ್ನುವುದನ್ನೂ ಮರೆಯಬೇಡಿ.

ಇಳಿಜಾರು

ವ್ಯಾಯಾಮದ ಬಗ್ಗೆ ನಾನು ಬರೆಯುತ್ತೇನೆ.

ಎಲ್ಲರೂ ಹತ್ತುವುದಕ್ಕೆ ತಯಾರಿ ಮಾಡುತ್ತಾರೆ, ಇಳಿಯುವುದಕ್ಕೆ ಯಾರೂ ಮಾಡುವುದಿಲ್ಲ. ಆದರೆ ಜನ ಎಡವಿ ಬೀಳುವುದು, ಮಂಡಿ ಹಿಡಿದುಕೊಂಡು ಕೂರುವುದು ಬಹುಪಾಲು ಇಳಿಯುವಾಗ. ಇದಕ್ಕೆ ಸ್ಪಷ್ಟ ಕಾರಣವಿದೆ. ಹತ್ತುವಾಗ ತೊಡೆಯ ಮುಂದಿನ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಾ, ನಿಮ್ಮ ಪೂರ್ತಿ ತೂಕಕ್ಕೆ ಬ್ರೇಕ್ ಹಾಕಬೇಕು. ಹೀಗೆ ಹಿಗ್ಗುತ್ತಾ ದುಡಿಯುವಾಗ ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ. ಮರುದಿನ, ಅದರ ಮರುದಿನ ಮೆಟ್ಟಿಲು ಇಳಿಯಲಾಗದಂಥ ನೋವು ಬರುವುದು ಇದರಿಂದಲೇ. 1,500 ಮೀಟರ್ ಒಂದೇ ಸಮ ಇಳಿಯುವಾಗ ಆ ದಿನವೇ ಕಾಲು ನಡುಗುವುದಕ್ಕೆ ಶುರುವಾಗುತ್ತದೆ. ನಿಮ್ಮ ದಾರಿಯಲ್ಲಂತೂ ಸಡಿಲ ಕಲ್ಲಿದೆ. ನಡುಗುವ ಕಾಲು, ಜಾರುವ ಕಲ್ಲು, ಎರಡೂ ಸೇರಿದರೆ ಬೀಳುವುದು ಸುಲಭ.

ಇದರಲ್ಲಿ ಒಂದು ಸಂತೋಷದ ವಿಷಯ ಇದೆ. ಸ್ನಾಯು ಇದನ್ನು ಬಹಳ ಬೇಗ ಕಲಿಯುತ್ತದೆ. ಒಂದು ಸಲ ಚೆನ್ನಾಗಿ ಇಳಿದು ನೋವು ತಿಂದರೆ, ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ನೋವು ತುಂಬಾ ಕಡಿಮೆ. ಸುಮ್ನೆ ಹೇಳುತ್ತಿಲ್ಲ, ವ್ಯಾಯಾಮ ವಿಜ್ಞಾನದಲ್ಲಿ ಚೆನ್ನಾಗಿ ಗೊತ್ತಿರುವ ಸಂಗತಿ ಇದು. ಆದ್ದರಿಂದ ನಿಮ್ಮ ಎರಡು ತಿಂಗಳಲ್ಲಿ ಇಳಿಯುವ ಅಭ್ಯಾಸಕ್ಕೆ ಜಾಗ ಇರಲೇಬೇಕು.

ಓಟವನ್ನು ವಾರಕ್ಕೆ ಎರಡು ದಿನಕ್ಕೆ ಇಳಿಸಿ. ಉಳಿದ ಎರಡು ದಿನ ಬ್ಯಾಗು ಹೊತ್ತು ಮೆಟ್ಟಿಲು. ಮೊದಲು 4 ಕೆಜಿ, ಆಮೇಲೆ ನಿಧಾನಕ್ಕೆ ಏರಿಸಿ, ಶಿಖರದ ದಿನ ಹೊರುವ ತೂಕಕ್ಕಿಂತ ಒಂದೆರಡು ಕೆಜಿ ಜಾಸ್ತಿಗೆ ತಂದು ನಿಲ್ಲಿಸಿ. ಹತ್ತಿದ ಮೇಲೆ ಲಿಫ್ಟ್ ಹಿಡಿಯಬೇಡಿ, ನಡೆದೇ ಇಳಿಯಿರಿ, ನಿಧಾನಕ್ಕೆ, ಮಂಡಿ ಸ್ವಲ್ಪ ಬಗ್ಗಿಸಿ, ಧಡಧಡ ಅಂತ ಅಲ್ಲ. ವಾರದ ಕೊನೆಗೆ ಒಂದು ಉದ್ದ ನಡಿಗೆ, ಹತ್ತಿರ ಯಾವ ಗುಡ್ಡ ಸಿಕ್ಕರೂ ಸರಿ, ಸಣ್ಣದಾದರೆ ಅದನ್ನೇ ಮತ್ತೆ ಮತ್ತೆ ಹತ್ತಿ ಇಳಿಯಿರಿ. ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ, ಒಂದು ದಿನದಲ್ಲಿ ಒಟ್ಟು 1,000ದಿಂದ 1,200 ಮೀಟರ್ ಏರು ಇಳಿತ ಮಾಡುವ ಮಟ್ಟಕ್ಕೆ ಬಂದರೆ ನಿಮ್ಮ ಕಾಲು ತಯಾರು. ಮನೆಯಲ್ಲಿ ಕುರ್ಚಿಗಿಂತ ತಗ್ಗಿನ ಒಂದು ಮೆಟ್ಟಿಲ ಮೇಲೆ ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಕಾಲಿನ ಹಿಮ್ಮಡಿಯನ್ನು ಮೂರು ಸೆಕೆಂಡ್ ತೆಗೆದುಕೊಂಡು ನಿಧಾನಕ್ಕೆ ನೆಲಕ್ಕೆ ತಾಕಿಸುವುದು ಕೂಡ ತುಂಬಾ ಒಳ್ಳೆಯದು.

ಕೊನೆಯ ಕಠಿಣ ನಡಿಗೆ ಶಿಖರದ ದಿನಕ್ಕಿಂತ ಹತ್ತು ಹನ್ನೆರಡು ದಿನ ಮೊದಲು ಮುಗಿಯಲಿ. ಆಮೇಲೆ ಹಗುರ ನಡಿಗೆ ಸಾಕು. ಕೊನೆಯ ವಾರ ಭಯಕ್ಕೆ ಜಾಸ್ತಿ ಮಾಡಿದರೆ ಶಕ್ತಿ ಬರುವುದಿಲ್ಲ, ದಣಿವು ಮಾತ್ರ ಬರುತ್ತದೆ.

ಎರಡು ಊರುಗೋಲು ಖಂಡಿತ ತೆಗೆದುಕೊಳ್ಳಿ. ಮಂಡಿಯ ಮೇಲಿನ ಹೊರೆಯನ್ನು ಅವು ನಿಜವಾಗಿಯೂ ಹಂಚಿಕೊಳ್ಳುತ್ತವೆ. ಇಳಿಯುವಾಗ ಕೋಲನ್ನು ಸ್ವಲ್ಪ ಉದ್ದ ಮಾಡಿಕೊಳ್ಳಿ.

ಬೆಳಗಿನ_ಚಳಿ

ಹೊರಡುವ ಸಮಯಕ್ಕೆ ಒಂದು ಲೆಕ್ಕ ಇದೆ. 1892ರಲ್ಲಿ ವಿಲಿಯಂ ನೈಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಪರ್ವತಾರೋಹಿ ಹೇಳಿದ್ದು. ಇವತ್ತಿನ ಅಳತೆಯಲ್ಲಿ ಹೇಳುವುದಾದರೆ ಪ್ರತಿ 5 ಕಿಲೋಮೀಟರ್ ದೂರಕ್ಕೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ 9 ಕಿಲೋಮೀಟರ್‌ಗೆ 1 ಗಂಟೆ 48 ನಿಮಿಷ, 1,500 ಮೀಟರ್ ಏರಿಗೆ ಎರಡೂವರೆ ಗಂಟೆ, ಸೇರಿದರೆ ನಾಲ್ಕು ಗಂಟೆ ಚಿಲ್ಲರೆ. ಆದರೆ ಇದು ಗಟ್ಟಿಮುಟ್ಟಾದವರಿಗೆ, ತಗ್ಗು ಬೆಟ್ಟಗಳಿಗೆ, ಎಲ್ಲೂ ಕೂರದೆ ನಡೆದರೆ ಬರುವ ಲೆಕ್ಕ. ನಿಮ್ಮ ಎತ್ತರಕ್ಕೆ, ಮೊದಲ ಸಲ ಹೋಗುವವರಿಗೆ ಅದರ ಒಂದೂವರೆ ಪಟ್ಟು ಇಟ್ಟುಕೊಳ್ಳಿ. ಅಂದರೆ ಆರೂವರೆ ಗಂಟೆ. ಅರ್ಧ ಗಂಟೆ ವಿಶ್ರಾಂತಿ ಸೇರಿಸಿದರೆ ಏಳು. ಇಳಿಯುವುದಕ್ಕೆ ನಾಲ್ಕು. ಒಟ್ಟು ಹನ್ನೊಂದು ಗಂಟೆಯ ಕೆಲಸ.

ಈಗ ಹಿಂದಿನಿಂದ ಲೆಕ್ಕ ಹಾಕಿ. ಎತ್ತರದ ಬೆಟ್ಟಗಳಲ್ಲಿ ಬಿಸಿಲು ಏರಿದ ಮೇಲೆ ಗಾಳಿ ಮೇಲೆದ್ದು ಮೋಡ ಕಟ್ಟುತ್ತದೆ, ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು. ಅಮೆರಿಕದ ಕೊಲೊರಾಡೋದಲ್ಲಿ 14,000 ಅಡಿ ದಾಟಿದ ಶಿಖರಗಳು ಐವತ್ತಕ್ಕೂ ಹೆಚ್ಚಿವೆ, ಬೇಸಿಗೆಯಲ್ಲಿ ಅಲ್ಲಿ ಹತ್ತುವವರೆಲ್ಲ ಪಾಲಿಸುವ ನಿಯಮ ಒಂದೇ, ಮಧ್ಯಾಹ್ನ 12ರೊಳಗೆ ತುದಿ ಬಿಟ್ಟು ಇಳಿಯುತ್ತಿರಬೇಕು. ನೀವು 11ಕ್ಕೆ ಇಟ್ಟುಕೊಳ್ಳಿ. ಹಾಗಾದರೆ ಬೆಳಗಿನ ಜಾವ 3:30ಕ್ಕೆ ನಡೆಯುವುದಕ್ಕೆ ಶುರು. 3:30ಕ್ಕೆ ಏಳುವುದಲ್ಲ, ಮೊದಲ ಹೆಜ್ಜೆ ಇಡುವುದು.

ಇದಕ್ಕಿಂತ ಮುಖ್ಯವಾದದ್ದು ವಾಪಸ್ ತಿರುಗುವ ಸಮಯ. ಅದನ್ನು ಹಿಂದಿನ ರಾತ್ರಿಯೇ ಮೂವರೂ ಒಪ್ಪಿ ಬರೆದುಕೊಳ್ಳಿ. 11 ಗಂಟೆ ಅಂದರೆ 11 ಗಂಟೆ, ತುದಿ ಕಣ್ಣೆದುರಿಗೇ ಇದ್ದರೂ ಸರಿ. ಅಲ್ಲಿ ನಿಂತಾಗ "ಇನ್ನು ಇಪ್ಪತ್ತೇ ನಿಮಿಷ" ಅಂತ ಎಲ್ಲರಿಗೂ ಅನ್ನಿಸುತ್ತದೆ. ಆಮ್ಲಜನಕ ಕಡಿಮೆ ಇರುವ ತಲೆ, ದಣಿದ ದೇಹ, ಅಷ್ಟು ದೂರ ಬಂದ ಆಸೆ, ಇವುಗಳ ನಡುವೆ ಒಳ್ಳೆಯ ತೀರ್ಮಾನ ಬರುವುದು ಕಷ್ಟ. ಅದಕ್ಕೇ ಕೆಳಗೆ, ತಲೆ ತಣ್ಣಗಿರುವಾಗಲೇ ತೀರ್ಮಾನಿಸಿ. ನಡುವೆ ಒಂದು ಗುರುತೂ ಇರಲಿ. 7 ಗಂಟೆಯ ಹೊತ್ತಿಗೆ 3,500 ಮೀಟರ್ ಮುಟ್ಟಿಲ್ಲ ಅಂದರೆ ಆ ದಿನ ತುದಿ ಸಿಗುವುದಿಲ್ಲ ಅಂತ ಅರ್ಥ. ಎಲ್ಲಿಯವರೆಗೆ ಆಗುತ್ತದೋ ಹೋಗಿ, ಸಮಯಕ್ಕೆ ತಿರುಗಿ.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಶಬ್ದ ಒಂದು ಕಿಲೋಮೀಟರ್ ಬರುವುದಕ್ಕೆ ಸುಮಾರು 3 ಸೆಕೆಂಡ್ ಬೇಕು. 30 ಎಣಿಸುವುದರೊಳಗೆ ಗುಡುಗಿದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ, ಅಂದರೆ ನಿಮಗೂ ಬಡಿಯಬಹುದು. ಆದರೆ ಎಣಿಸುವವರೆಗೆ ಕಾಯುವುದೇ ತಡ. ಬೆಳಗ್ಗೆ 9ಕ್ಕೇ ಹೂಕೋಸಿನಂಥ ಮೋಡ ಮೇಲಕ್ಕೆ ಬೆಳೆಯುವುದು ಕಂಡರೆ ಅಲ್ಲೇ ತಿರುಗಿ. ಬೆಟ್ಟದ ಏಣಿನ ಮೇಲೆ, ಒಂಟಿ ಮರದ ಕೆಳಗೆ, ಬಂಡೆಯ ಸಣ್ಣ ಪೊಟರೆಯಲ್ಲಿ ನಿಲ್ಲಬೇಡಿ. ಗುಂಪಾಗಿ ಒತ್ತಿಕೊಂಡು ನಿಲ್ಲದೆ ಬಿಡಿ ಬಿಡಿಯಾಗಿ, ಆದಷ್ಟು ಬೇಗ ತಗ್ಗಿಗೆ ಇಳಿಯಿರಿ.

ಹೊಸ_ಹಾದಿ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಧನ್ಯವಾದ. ರಾತ್ರಿ ಪ್ರಯಾಣದ ಯೋಚನೆ ಬಿಟ್ಟೆವು. ಇನ್ನೊಂದು ದಿನ ರಜೆ ಕೇಳಿದ್ದೇವೆ, ಎರಡು ರಾತ್ರಿ ಮೇಲೆ ಮಲಗುವುದು ಈಗ ಸಾಧ್ಯ.

ಮತ್ತೆ ಎರಡು ಪ್ರಶ್ನೆ. ಎತ್ತರದ ಕಾಯಿಲೆ ಬಂದಿದೆ ಅಂತ ಗೊತ್ತಾಗುವುದು ಹೇಗೆ? ಸುಸ್ತಿಗೂ ತಲೆ ನೋಯುತ್ತದೆ, ನೀರು ಕುಡಿಯದಿದ್ದರೂ ನೋಯುತ್ತದೆ. ಇನ್ನೊಂದು, ಡೈಯಾಮಾಕ್ಸ್ ಮಾತ್ರೆ ತೆಗೆದುಕೊಳ್ಳಿ ಅಂತ ಕೆಲವರು, ಅದು ಲಕ್ಷಣಗಳನ್ನು ಮುಚ್ಚಿಡುತ್ತದೆ, ಬೇಡ ಅಂತ ಕೆಲವರು. ಯಾವುದು ಸರಿ?

ಕಲ್ಲುದಾರಿ

ಮಾತ್ರೆಯ ಹೆಸರು ಡೈಯಾಮಾಕ್ಸ್ ಅಂತ ಬಂದಿದೆ, ಅದು ಡಯಾಮಾಕ್ಸ್. ಔಷಧದ ಹೆಸರು ಅಸೆಟಜೋಲಮೈಡ್. ಅಂಗಡಿಯಲ್ಲಿ ಆ ಹೆಸರಲ್ಲೇ ಕೇಳಿದರೆ ಗೊಂದಲ ಇರುವುದಿಲ್ಲ.

ಲಕ್ಷಣ ಮುಚ್ಚಿಡುತ್ತದೆ ಅನ್ನುವುದು ನಿಜವಲ್ಲ. ನಾನು ಮೊದಲು ಹೇಳಿದೆನಲ್ಲ, ಮೂತ್ರಪಿಂಡ ನಿಧಾನಕ್ಕೆ ಮಾಡುವ ಕೆಲಸ, ಅದನ್ನೇ ಈ ಔಷಧ ಬೇಗ ಮಾಡಿಸುತ್ತದೆ. ರಕ್ತ ಸ್ವಲ್ಪ ಆಮ್ಲೀಯವಾಗುತ್ತದೆ, ಉಸಿರಾಟ ಹೆಚ್ಚುತ್ತದೆ, ದೇಹ ಬೇಗ ಹೊಂದಿಕೊಳ್ಳುತ್ತದೆ. ಬರದಂತೆ ತಡೆಯುವುದಕ್ಕೆ ದೊಡ್ಡವರಿಗೆ ಸಾಮಾನ್ಯವಾಗಿ ಹೇಳುವುದು 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಮೇಲೆ ಹೋಗುವ ಹಿಂದಿನ ದಿನದಿಂದ. ಬೆರಳ ತುದಿ ಜುಮ್ ಅನ್ನುತ್ತದೆ, ಮೂತ್ರ ಜಾಸ್ತಿ ಹೋಗುತ್ತದೆ. ಸಲ್ಫಾ ಔಷಧಗಳಿಗೆ ಅಲರ್ಜಿ ಇರುವವರು, ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ಉಳಿದವರೂ ಕೇಳಿಯೇ ತೆಗೆದುಕೊಳ್ಳಿ, ಮೊದಲ ಮಾತ್ರೆಯನ್ನು ಬೆಟ್ಟದಲ್ಲಿ ಅಲ್ಲ, ಮನೆಯಲ್ಲೇ ಒಂದು ದಿನ ನುಂಗಿ ನೋಡಿ. ನನ್ನ ಅಭಿಪ್ರಾಯ ಕೇಳಿದರೆ, ಎರಡು ರಾತ್ರಿ ಮೇಲೆ ಮಲಗುತ್ತೀರಿ ಅಂದಮೇಲೆ ಮೂವರಿಗೂ ಮಾತ್ರೆ ಅಷ್ಟೇನೂ ಅಗತ್ಯವಿಲ್ಲ. ಹಿಂದೆ ಎತ್ತರದಲ್ಲಿ ತೊಂದರೆ ಪಟ್ಟವರಿಗೆ ಮಾತ್ರ ಅದು ನಿಜವಾಗಿಯೂ ಬೇಕು.

ಲಕ್ಷಣದ ವಿಷಯ. ವೈದ್ಯರು ಬಳಸುವ ಲೇಕ್ ಲೂಯಿಸ್ ಅಂಕಗಳು ಅಂತ ಒಂದು ಕ್ರಮ ಇದೆ. ಅದರಲ್ಲಿ ನೋಡುವುದು ನಾಲ್ಕನ್ನು: ತಲೆನೋವು, ಹೊಟ್ಟೆ ತೊಳಸುವುದು ಅಥವಾ ವಾಂತಿ, ಸುಸ್ತು, ತಲೆಸುತ್ತು. ತಲೆನೋವು ಇರಲೇಬೇಕು, ಅದರ ಜೊತೆ ಇನ್ನೊಂದು ಸೇರಿದರೆ ಎತ್ತರದ ಕಾಯಿಲೆ ಅಂತಲೇ ತಿಳಿಯಿರಿ. ಬೇರೆ ಕಾರಣಕ್ಕೂ ತಲೆ ನೋಯಬಹುದು, ನಿಜ. ಆದರೆ 2,500 ಮೀಟರ್ ಮೇಲೆ ಬಂದ ತಲೆನೋವು ಎತ್ತರದ್ದೇ ಅಂತ ಅಂದುಕೊಳ್ಳುವುದು ಕ್ಷೇಮ. ಕೂತು, ನೀರು ಕುಡಿದು, ಏನಾದರೂ ತಿಂದು ಅರ್ಧ ಗಂಟೆ ನೋಡಿ. ಹೋದರೆ ಸರಿ. ಹೋಗದಿದ್ದರೆ ಮೇಲೆ ಹೋಗಬೇಡಿ. ಹೆಚ್ಚಾದರೆ ಇಳಿಯಿರಿ.

ಒಂದು ದಿನದ ಏರಿನಲ್ಲಿ ಇನ್ನೊಂದು ವಿಶೇಷ ಇದೆ. ಸಾಮಾನ್ಯ ಎತ್ತರದ ಕಾಯಿಲೆ ಮೇಲೆ ಹೋದ ತಕ್ಷಣ ಬರುವುದಿಲ್ಲ, ಕೆಲವು ಗಂಟೆ ತಡವಾಗಿ ಶುರುವಾಗುತ್ತದೆ. ಹಾಗಾಗಿ ತುದಿಯಲ್ಲಿ ಏನೂ ಇಲ್ಲದೆ ಇಳಿಯುವಾಗ ತಲೆ ಸಿಡಿಯಬಹುದು. ಗಾಬರಿ ಬೇಡ, ನೀವು ಮಾಡುತ್ತಿರುವ ಕೆಲಸವೇ ಅದಕ್ಕೆ ಮದ್ದು, ಇಳಿಯುತ್ತಾ ಇರಿ. ಆದರೆ ಈ ಎರಡರಲ್ಲಿ ಯಾವ ಲಕ್ಷಣ ಕಂಡರೂ ಒಂದು ನಿಮಿಷವೂ ಕಾಯುವಂತಿಲ್ಲ. ಕೂತಿದ್ದರೂ ಏದುಸಿರು ನಿಲ್ಲುತ್ತಿಲ್ಲ, ಕೆಮ್ಮು, ಎದೆಯಲ್ಲಿ ಗೊರಗೊರ ಅಂದರೆ ಶ್ವಾಸಕೋಶದಲ್ಲಿ ನೀರು ಸೇರುತ್ತಿದೆ. ಕುಡಿದವರಂತೆ ತೂರಾಡುವುದು, ಅಸಂಬದ್ಧ ಮಾತು ಅಂದರೆ ಮಿದುಳು ಊದುತ್ತಿದೆ. ಅನುಮಾನ ಬಂದರೆ ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗುವಂತೆ ಹೆಜ್ಜೆ ಇಡಿಸಿ, ನೇರ ಗೆರೆಯಲ್ಲಿ ನಡೆಸಿ ನೋಡಿ. ಆಗದಿದ್ದರೆ ಆ ಕ್ಷಣವೇ ಕೆಳಗೆ, ಒಬ್ಬರನ್ನೇ ಕಳಿಸದೆ, ಜೊತೆಯಲ್ಲಿ. ಸಹಾಯಕ್ಕೂ ಆಗಲೇ ಕರೆ ಮಾಡಿ.

ಹಿಂದಿನ ರಾತ್ರಿಗಳಲ್ಲಿ ಮದ್ಯ ಬೇಡ, ನಿದ್ದೆ ಮಾತ್ರೆಯೂ ಬೇಡ. ಎರಡೂ ಉಸಿರಾಟವನ್ನು ತಗ್ಗಿಸುತ್ತವೆ.

ನಿಧಾನ_ನಡಿಗೆ

ಬ್ಯಾಗಿನ ಬಗ್ಗೆ ಯಾರೂ ಬರೆದಿಲ್ಲ, ನಾನು ಹೇಳುತ್ತೇನೆ.

ಬಟ್ಟೆಯಿಂದ ಶುರು ಮಾಡೋಣ. ಪ್ರತಿ 1,000 ಮೀಟರ್‌ಗೆ ಸುಮಾರು 6.5 ಡಿಗ್ರಿ ತಂಪಾಗುತ್ತದೆ. ಗಾಡಿ ನಿಲ್ಲಿಸಿದ ಜಾಗಕ್ಕಿಂತ ತುದಿ 10 ಡಿಗ್ರಿಯಷ್ಟು ತಣ್ಣಗಿರುತ್ತದೆ, ಗಾಳಿ ಬೀಸಿದರೆ ಇನ್ನೂ ಜಾಸ್ತಿ ಅನ್ನಿಸುತ್ತದೆ. ಹತ್ತಿ ಬಟ್ಟೆ ಬೇಡವೇ ಬೇಡ. ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ನಿಂತ ತಕ್ಷಣ ಮೈಯ ಶಾಖ ಎಳೆದುಕೊಳ್ಳುತ್ತದೆ. ಉಣ್ಣೆಯದ್ದೋ ಸಿಂಥೆಟಿಕ್‌ನದ್ದೋ ಒಳ ಅಂಗಿ, ಅದರ ಮೇಲೆ ಫ್ಲೀಸ್, ಎಲ್ಲದರ ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್, ಜೊತೆಗೆ ನಿಂತಾಗ ಹಾಕಿಕೊಳ್ಳುವ ಒಂದು ದಪ್ಪ ಜಾಕೆಟ್. ಟೋಪಿ, ಕೈಗವಸು. ಹೊರಡುವಾಗ ಸ್ವಲ್ಪ ಚಳಿ ಅನ್ನಿಸುವಷ್ಟೇ ಹಾಕಿಕೊಳ್ಳಿ, ಹತ್ತು ನಿಮಿಷದಲ್ಲಿ ಮೈ ಬಿಸಿಯಾಗುತ್ತದೆ. ಬೆವರದಂತೆ ನೋಡಿಕೊಳ್ಳುವುದೇ ಚಳಿಯಿಂದ ಉಳಿಯುವ ದಾರಿ.

ಬಿಸಿಲನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪ್ರತಿ 1,000 ಮೀಟರ್‌ಗೆ ನೇರಳಾತೀತ ಕಿರಣ ಶೇ. 10ರಿಂದ 12 ಹೆಚ್ಚುತ್ತದೆ, ಹೊಸ ಹಿಮ ಇದ್ದರೆ ಅದರಲ್ಲಿ ಶೇ. 80ರವರೆಗೂ ಮತ್ತೆ ಮುಖಕ್ಕೇ ಹೊಡೆಯುತ್ತದೆ. ಸನ್‌ಸ್ಕ್ರೀನನ್ನು ಮೂಗಿನ ಕೆಳಗೆ, ಗಲ್ಲದ ಕೆಳಗೆ, ಕಿವಿಗೂ ಹಚ್ಚಿ. ಒಳ್ಳೆಯ ಕಪ್ಪು ಕನ್ನಡಕ ಇರಲೇಬೇಕು.

ನೀರು ತಲಾ 3 ಲೀಟರ್. ಅಲ್ಲಿನ ಗಾಳಿ ಒಣ, ಉಸಿರಲ್ಲೇ ತುಂಬಾ ನೀರು ಹೋಗುತ್ತದೆ. ಹಾಗಂತ ಬಾಯಾರಿಕೆ ಇಲ್ಲದೆ ಲೀಟರ್‌ಗಟ್ಟಲೆ ಸುರಿದುಕೊಳ್ಳುವುದೂ ತಪ್ಪು, ರಕ್ತದ ಉಪ್ಪಿನ ಅಂಶ ಇಳಿದು ಅದೇ ಬೇರೆ ಅಪಾಯ. ಬಾಯಾರಿದಾಗಲೆಲ್ಲ ಸ್ವಲ್ಪ ಸ್ವಲ್ಪ ಕುಡಿಯಿರಿ, ಜೊತೆಗೆ ಉಪ್ಪಿರುವ ತಿಂಡಿ. ಬೆಳಗಿನ ಜಾವ ನೀರು ಹೆಪ್ಪುಗಟ್ಟುವ ಚಳಿ ಇದ್ದರೆ ಬಾಟಲಿಯನ್ನು ತಲೆಕೆಳಗಾಗಿ ಇಡಿ. ಮಂಜುಗಡ್ಡೆ ಮೊದಲು ಕಟ್ಟುವುದು ನೀರಿನ ಮೇಲ್ಭಾಗದಲ್ಲಿ, ಹೀಗಿಟ್ಟರೆ ಮುಚ್ಚಳ ಕಚ್ಚಿಕೊಳ್ಳುವುದಿಲ್ಲ. ಕೊಳವೆ ಇರುವ ನೀರಿನ ಚೀಲ ಅಂಥ ಚಳಿಗೆ ಒಳ್ಳೆಯದಲ್ಲ. ಎತ್ತರದಲ್ಲಿ ಹಸಿವು ಸಾಯುತ್ತದೆ, ಆದ್ದರಿಂದ ನಿಮಗೆ ನಿಜಕ್ಕೂ ಇಷ್ಟವಾದದ್ದನ್ನೇ ಒಯ್ಯಿರಿ, ಸ್ವಲ್ಪ ಸ್ವಲ್ಪ, ಗಂಟೆಗೊಮ್ಮೆ ತಿನ್ನಿ.

ಪಾದ! ಹೊಸ ಶೂ ಹಾಕಿಕೊಂಡು ಹೋಗಬೇಡಿ, ಇಂದೇ ಕೊಂಡು ಎರಡು ತಿಂಗಳು ಅದರಲ್ಲೇ ಅಭ್ಯಾಸ ಮಾಡಿ. ಬೆರಳ ಮುಂದೆ ಸ್ವಲ್ಪ ಜಾಗ ಇರಬೇಕು, ಇಲ್ಲದಿದ್ದರೆ ಇಳಿಯುವಾಗ ಉಗುರು ಬಡಿದು ಕಪ್ಪಾಗುತ್ತದೆ. ಎರಡು ದಿನ ಮೊದಲೇ ಉಗುರು ಕತ್ತರಿಸಿ. ಎಲ್ಲಾದರೂ ಬಿಸಿ ಉಜ್ಜಿದಂತೆ ಅನ್ನಿಸಿದ ತಕ್ಷಣ ನಿಂತು ಟೇಪ್ ಹಚ್ಚಿ. ಗುಳ್ಳೆ ಎದ್ದ ಮೇಲೆ ಹಚ್ಚಿ ಪ್ರಯೋಜನ ಕಡಿಮೆ.

ತಲೆ ದೀಪ ಮೂವರಿಗೂ ಬೇರೆ ಬೇರೆ, ಬ್ಯಾಟರಿ ಹೆಚ್ಚುವರಿ. ಫೋನಿನಲ್ಲಿ ದಾರಿಯ ನಕ್ಷೆ ಮೊದಲೇ ಇಳಿಸಿಕೊಂಡು ಏರೋಪ್ಲೇನ್ ಮೋಡ್‌ಗೆ ಹಾಕಿ, ಜಿಪಿಎಸ್ ಆಗಲೂ ಕೆಲಸ ಮಾಡುತ್ತದೆ. ಸಿಗ್ನಲ್ ಹುಡುಕಿ ಹುಡುಕಿಯೇ ಬ್ಯಾಟರಿ ಮುಗಿಯುವುದು. ಚಳಿಗೂ ಬೇಗ ಇಳಿಯುತ್ತದೆ, ಒಳ ಜೇಬಲ್ಲಿಡಿ. ಕಾಗದದ ನಕ್ಷೆಯೂ ಒಂದಿರಲಿ. ಸೀಟಿ ಇರಲಿ. ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ, ಇದು ಬೆಟ್ಟಗಳಲ್ಲಿ ಅಪಾಯದ ಕರೆ. ಮೂರು ಸಲದ ಉತ್ತರ ಬಂದರೆ ಕೇಳಿಸಿತು ಅಂತ ಅರ್ಥ. ಮೈಗೆ ಸುತ್ತಿಕೊಳ್ಳುವ ಬೆಳ್ಳಿ ಬಣ್ಣದ ತುರ್ತು ಹೊದಿಕೆ ಅಂಗೈಯಷ್ಟೇ, ಅದನ್ನು ಬಿಡಬೇಡಿ.

ಸಡಿಲ ಕಲ್ಲಿನ ಜಾಗದಲ್ಲಿ ಒಬ್ಬರ ನೇರ ಕೆಳಗೆ ಇನ್ನೊಬ್ಬರು ಇರಬೇಡಿ. ಕಲ್ಲು ಉರುಳಿದರೆ ಜೋರಾಗಿ ಕೂಗಿ ಹೇಳಿ. ಬೆಳಗ್ಗೆ ಅಲ್ಲಿ ಗಟ್ಟಿ ಹಿಮ ಇದ್ದು, ನಿಮಗೆ ಐಸ್ ಕೊಡಲಿ ಬಳಸಿ ಅಭ್ಯಾಸ ಇಲ್ಲ ಅಂದರೆ ದಾಟಬೇಡಿ.

ಇಳಿಜಾರು

ನಡೆಯುವ ವೇಗದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಮೊದಲ ಗಂಟೆ ತುಂಬಾ ನಿಧಾನ ಅನ್ನಿಸಬೇಕು. ಒಂದು ಪೂರ್ತಿ ವಾಕ್ಯವನ್ನು ತಡವರಿಸದೆ ಮಾತಾಡಲು ಆಗುವಷ್ಟೇ ವೇಗ. ಕಡಿದಾದ ಜಾಗದಲ್ಲಿ ಹಿಂದಿನ ಕಾಲನ್ನು ನೇರ ಮಾಡಿ, ತೂಕವನ್ನು ಮೂಳೆಯ ಮೇಲೆ ಬಿಟ್ಟು, ಒಂದು ಕ್ಷಣ ನಿಂತು ಮುಂದಿನ ಹೆಜ್ಜೆ ಇಡಿ. ಸ್ನಾಯುವಿಗೆ ಪ್ರತಿ ಹೆಜ್ಜೆಗೂ ಒಂದು ಚೂರು ವಿಶ್ರಾಂತಿ ಸಿಗುತ್ತದೆ. ಇದನ್ನು ಮೆಟ್ಟಿಲ ಮೇಲೆಯೇ ರೂಢಿ ಮಾಡಿಕೊಳ್ಳಿ.

ಹೊಸ_ಹಾದಿ

ಎಲ್ಲವನ್ನೂ ಬರೆದಿಟ್ಟುಕೊಂಡೆವು. ಕೊನೆಯದಾಗಿ ಒಂದು. ನಮ್ಮಲ್ಲಿ ಒಬ್ಬರು ಉಳಿದಿಬ್ಬರಿಗಿಂತ ನಿಧಾನ. ಅವರಿಗೆ ಆಗದಿದ್ದರೆ ಮಧ್ಯದಲ್ಲಿ ಎಲ್ಲಾದರೂ ಕೂರಿಸಿ ಇಬ್ಬರು ತುದಿ ಮುಟ್ಟಿ ಬರಬಹುದಾ? ಅವರೇ ಹಾಗೆ ಮಾಡಿ ಅನ್ನುತ್ತಿದ್ದಾರೆ.

ಬೆಳಗಿನ_ಚಳಿ

ಬೇಡ. ಅವರು ಹೇಳುತ್ತಿರುವುದು ಒಳ್ಳೆಯ ಮನಸ್ಸಿನಿಂದ, ಆದರೂ ಬೇಡ. 3,800 ಮೀಟರ್‌ನಲ್ಲಿ ಒಬ್ಬರೇ ಎರಡು ಮೂರು ಗಂಟೆ ಅಲುಗಾಡದೆ ಕೂತರೆ ಚಳಿ ಹಿಡಿಯುತ್ತದೆ. ಮಂಜು ಕವಿದರೆ ಅವರು ಕೂತ ಜಾಗ ನಿಮಗೇ ಸಿಗುವುದಿಲ್ಲ. ಅವರಿಗೆ ಆಗುತ್ತಿಲ್ಲ ಅನ್ನುವುದೇ ಎತ್ತರದ ಕಾಯಿಲೆಯ ಮೊದಲ ಲಕ್ಷಣ ಆಗಿರಬಹುದು, ಅದು ಜೋರಾಗುವಾಗ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಮೂವರ ಗುಂಪಲ್ಲಿ ಒಬ್ಬರು ವಾಪಸ್ ಅಂದರೆ ಮೂವರೂ ವಾಪಸ್. ಇದನ್ನು ಈಗಲೇ ಅವರಿಗೆ ಹೇಳಿಬಿಡಿ. ಆಗ ತಲೆನೋವು ಬಂದರೂ ಮುಚ್ಚಿಟ್ಟುಕೊಳ್ಳದೆ ಹೇಳುವ ಧೈರ್ಯ ಅವರಿಗೆ ಇರುತ್ತದೆ. ನಡೆಯುವಾಗ ಅವರನ್ನೇ ಮುಂದೆ ಬಿಡಿ, ಅವರ ವೇಗವೇ ಗುಂಪಿನ ವೇಗ, ನಾನು ಕೊಟ್ಟ ಲೆಕ್ಕವನ್ನೂ ಅವರ ನಡಿಗೆಗೆ ತಕ್ಕಂತೆ ಸರಿಮಾಡಿಕೊಳ್ಳಿ. ಅಭ್ಯಾಸದ ನಡಿಗೆಯಲ್ಲಿ ಗಂಟೆಗೆ ಎಷ್ಟು ಮೀಟರ್ ಏರುತ್ತಾರೆ ಅಂತ ನೋಡಿಕೊಂಡರೆ ನಿಖರವಾಗಿ ಗೊತ್ತಾಗುತ್ತದೆ.

ಮನೆಯಲ್ಲಿ ಯಾರಿಗಾದರೂ ಒಂದು ಚೀಟಿ ಕೊಟ್ಟು ಹೋಗಿ. ಯಾವ ದಾರಿ, ಎಲ್ಲಿಂದ ಹೊರಡುತ್ತೀರಿ, ಗಾಡಿಯ ನಂಬರ್, ಮೂವರ ಹೆಸರು, ಜಾಕೆಟ್ಟಿನ ಬಣ್ಣ. ಮಧ್ಯಾಹ್ನ 3ಕ್ಕೆ ಕೆಳಗಿರುತ್ತೇವೆ, ಸಂಜೆ 7ರವರೆಗೂ ಫೋನ್ ಬರದಿದ್ದರೆ ಆ ಜಾಗದ ರಕ್ಷಣಾ ತಂಡಕ್ಕೆ ತಿಳಿಸಿ ಅಂತ ಬರೆದು, ಅವರ ನಂಬರನ್ನೂ ಅದರಲ್ಲೇ ಹಾಕಿ. ಇಳಿದ ತಕ್ಷಣ ಮೊದಲ ಕರೆ ಮನೆಯವರಿಗೇ ಇರಲಿ.